ಯಾವ ಮಳೆಯ ಮಣ್ಣು?



ಕೂಡ್ಲಿಗಿಯಿಂದ ಹೊರಟು, ಕೊಟ್ಟೂರನ್ನು ಹಾಯ್ದು, ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಹೂವಿನ ಹಡಗಲಿಯನ್ನು ಮುಟ್ಟಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಹರಪನಹಳ್ಳಿಯನ್ನು ಸೇರುವ ಪ್ರಯಾಣಿಕನು, ನಿದ್ದೆ ಹೋಗದೆ ಕಿಟಕಿಯ ಹೊರಗೆ ನೋಡುತ್ತ ಕುಳಿತಿರುವ ಸ್ವಭಾವದವನಾದರೆ, ಒಂದೇ ಹಗಲಿನಲ್ಲಿ ಕೆಂಪು ಮಸಾರಿಯನ್ನು, ಕಪ್ಪು ಎರೆಯನ್ನು, ಗರಸು ತುಂಬಿದ ಮರಡಿಗಳನ್ನು, ಯಾರೋ ಆಡಿ ಬಿಟ್ಟುಹೋದಂತೆ ಒಂದರ ಮೇಲೊಂದು ಕುಳಿತಿರುವ ಗುಂಡುಕಲ್ಲುಗಳ ಬೆಟ್ಟಗಳನ್ನು ಕಂಡುಬಿಡುತ್ತಾನೆ. ಇವುಗಳಲ್ಲಿ ಒಂದೊಂದೂ ತನ್ನ ಮೇಲೆ ಬಿದ್ದ ಭಾರವನ್ನು ತನ್ನದೇ ಆದ ರೀತಿಯಲ್ಲಿ ಹೊರುತ್ತದೆ. ಹೊರಲಾರದಾದಾಗ ತನ್ನದೇ ಆದ ರೀತಿಯಲ್ಲಿ ಕೈಬಿಡುತ್ತದೆ. ಆ ಹೊರುವಿಕೆಯನ್ನೂ ಕೈಬಿಡುವಿಕೆಯನ್ನೂ ಗಣಕಯಂತ್ರದೊಳಗೆ ಮುಂಚಿತವಾಗಿ ನಡೆಯಿಸಿ ನೋಡುವ ಒಂದು ಶಾಸ್ತ್ರವುಂಟು. ಜೀವಮಾನದ ಬಹುಭಾಗವನ್ನು ಮಣ್ಣಿನ ಪರೀಕ್ಷೆಯಲ್ಲಿ ಕಳೆದವನಾದುದರಿಂದ, ಆ ಶಾಸ್ತ್ರದ ಸಂಗತಿಯನ್ನು ನಮ್ಮ ಸೀಮೆಯ ಮಣ್ಣುಕಲ್ಲುಗಳನ್ನೇ ಮುಂದಿಟ್ಟುಕೊಂಡು ತಮ್ಮೊಡನೆ ಮಾತನಾಡಬೇಕೆಂದು ಈ ಹೊತ್ತು ಬಂದಿದ್ದೇನೆ.

ಕೊಟ್ಟೂರಿನ ತೇರನ್ನು ಕಾಣದವರು ಈ ಸೀಮೆಯಲ್ಲಿ ವಿರಳ. ಆ ಮಹಾಭಾರವೆಲ್ಲವೂ ನೆಲವನ್ನು ಮುಟ್ಟುವುದು ಗಾಲಿಗಳ ಅಂಚಿನಲ್ಲಿ, ಅಂಗೈಯಷ್ಟಗಲದ ಜಾಗಗಳಲ್ಲಿ ಮಾತ್ರ. ಭಾರವು ಎಷ್ಟೆಂಬುದಕ್ಕಿಂತ ಅದು ಎಷ್ಟು ಜಾಗದ ಮೇಲೆ ಹರಡಿದೆಯೆಂಬುದು ಮಣ್ಣಿಗೆ ಮುಖ್ಯವಾದ ವಿಷಯ; ಹೀಗೆ ಹಂಚಿಕೊಂಡ ಭಾರಕ್ಕೆ ಭೌತಶಾಸ್ತ್ರದ ಪುಸ್ತಕಗಳಲ್ಲಿ ಪೀಡನವೆಂದು ಹೆಸರು. ಗಾಲಿಯ ಕೆಳಗಿನ ಕಣವು ತನಗೆ ಬಂದ ಪೀಡನವನ್ನು ತಾನೊಂದೇ ಇಟ್ಟುಕೊಳ್ಳುವುದಿಲ್ಲ. ಕೆಳಗಿನ ಎರಡು ಕಣಗಳಿಗೆ ದಾಟಿಸುತ್ತದೆ, ಅವು ಮತ್ತೆ ತಮ್ಮ ಕೆಳಗಿನ ನಾಲ್ಕಾರಕ್ಕೆ. ಈ ರೀತಿ ಆಳಕ್ಕೆ ಇಳಿದಂತೆಲ್ಲ ಭಾರವು ಅಗಲವಾಗುತ್ತ, ತೆಳ್ಳಗಾಗುತ್ತ, ಕಡೆಗೆ ನೆಲದ ಸ್ವಂತ ಭಾರದಲ್ಲಿ ಲೀನವಾಗಿಹೋಗುತ್ತದೆ. ಈ ದಾಟಿಸುವಿಕೆಯಲ್ಲಿ ಎಲ್ಲಿಯಾದರೂ ಒಂದು ಕಣವು ಪಕ್ಕದ ಕಣದ ಮೇಲೆ ಜಾರಿತೆಂದರೆ ಅಲ್ಲಿಂದ ಕುಸಿತದ ಆರಂಭ.

ಜಾರದಂತೆ ತಡೆಯುವುದು ಯಾವುದು? ಫ್ರಾನ್ಸಿನ ಸೇನೆಯಲ್ಲಿ ಇಂಜಿನಿಯರಾಗಿದ್ದು ಕೋಟೆಗೋಡೆಗಳ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಕೂಲಂಬನು, ವಿದ್ಯುತ್ತಿನ ವಿಷಯದಲ್ಲಿ ಕೀರ್ತಿವಂತನಾಗುವುದಕ್ಕೆ ಮೊದಲೇ, 1773ರಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟನು: ಮಣ್ಣಿನ ಬಲದಲ್ಲಿ ಎರಡು ಪಾಲು, ಒಂದು ಅಂಟು, ಮತ್ತೊಂದು ಉಜ್ಜಾಟ, ಅಂಟು ಭಾರವನ್ನು ಲೆಕ್ಕಿಸದೆ ಇದ್ದಷ್ಟೇ ಇರುವುದು, ಉಜ್ಜಾಟವು ಮೇಲಿನಿಂದ ಅದುಮಿದಷ್ಟೂ ಹೆಚ್ಚುವುದು. ನಮ್ಮ ಮಸಾರಿಯಲ್ಲಿ ಉಜ್ಜಾಟದ ಪಾಲು ದೊಡ್ಡದು, ಎರೆಯಲ್ಲಿ ಅಂಟಿನದು. ಇಷ್ಟರಿಂದ ಲೆಕ್ಕವು ಮುಗಿಯಬೇಕಾಗಿದ್ದಿತು. ಮುಗಿಯದಿದ್ದುದಕ್ಕೆ ನೀರು ಕಾರಣ. ಕಣಕಣಗಳ ನಡುವಿನ ಸಂದಿಯಲ್ಲಿ ನೀರು ತುಂಬಿಕೊಂಡು ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ, ಮೇಲಿನ ಭಾರದಲ್ಲಿ ಒಂದು ಪಾಲನ್ನು ಆ ನೀರೇ ಹೊತ್ತುಕೊಂಡುಬಿಡುತ್ತದೆ. ನೀರಿಗೆ ಉಜ್ಜಾಟದ ಶಕ್ತಿಯಿಲ್ಲವಾದುದರಿಂದ ಅದು ಹೊತ್ತ ಪಾಲು ಮಣ್ಣಿನ ಬಲಕ್ಕೆ ಸೊನ್ನೆ. ಒಟ್ಟು ಪೀಡನದಿಂದ ನೀರಿನ ಒತ್ತಡವನ್ನು ಕಳೆದು ಉಳಿದದ್ದೇ ಮಣ್ಣಿನ ನಿಜವಾದ ಬಂಡವಾಳವೆಂಬ ಈ ಸೂತ್ರವನ್ನು ಕಾರ್ಲ್ ಟೆರ್ಜಾಗಿಯೆಂಬ ವಿದ್ವಾಂಸನು 1925ರ ತನ್ನ ಗ್ರಂಥದಲ್ಲಿ ಸ್ಥಾಪಿಸಿದನು. ಮಣ್ಣಿನ ಶಾಸ್ತ್ರಕ್ಕೆ ಆತನನ್ನು ಪಿತಾಮಹನೆಂದು ಕರೆಯುವುದು ವಾಡಿಕೆ.

ಎರೆಯ ವಿಷಯವನ್ನು ಇನ್ನೂ ತುಸು ಹೇಳದೆ ಮುಂದಕ್ಕೆ ಹೋಗಲು ನನಗೆ ಮನಸ್ಸು ಬಾರದು. ಬೇಸಿಗೆಯಲ್ಲಿ ಹಡಗಲಿಯ ಕಡೆಯ ಹೊಲಗಳಲ್ಲಿ ನಡೆದರೆ ನೆಲವು ಬಾಯಿಬಿಟ್ಟುಕೊಂಡು ಬಿದ್ದಿರುತ್ತದೆ. ದನ ಕಾಯುವ ಹುಡುಗರು ಕೈಯ ಕೋಲನ್ನು ಬಿರುಕಿನೊಳಗೆ ಇಳಿಬಿಟ್ಟು, ತಳ ಸಿಕ್ಕದೆ, ಕೋಲನ್ನೂ ಕಳೆದುಕೊಂಡು ಅಳುತ್ತ ಮನೆಗೆ ಬರುವುದುಂಟು. ಅದೇ ನೆಲವು ಎರಡು ಹದಮಳೆಗಳಿಗೆ ಉಬ್ಬಿಕೊಂಡು, ಬಿರುಕುಗಳನ್ನು ಮುಚ್ಚಿ, ಬಂಡಿಯ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ. ಎರೆಯ ಮೇಲೆ ಕಟ್ಟಿದ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಮುಚ್ಚಲಾರದು, ಬೇಸಿಗೆ ಬಂತೆಂದರೆ ಗೋಡೆಯ ಮೂಲೆಯಿಂದ ಓರೆಯಾಗಿ ಬಿರುಕು ಏರುವುದು. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ಪುಸ್ತಕದ ಹಾಳೆಗಳಂತೆ ಪದರಪದರವಾಗಿದ್ದು, ಹಾಳೆಹಾಳೆಯ ನಡುವೆ ನೀರನ್ನು ಎಳೆದುಕೊಳ್ಳುವುದೇ ಇದಕ್ಕೆಲ್ಲ ಕಾರಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಶ್ರೀಧರನ್ ಮುಂತಾದವರು ಈ ಉಬ್ಬುವಿಕೆಯ ಮೂಲವನ್ನು ದಶಕಗಳ ಕಾಲ ಶೋಧಿಸಿದರು. ಮುಂಬಯಿಯ ಐ.ಐ.ಟಿ.ಯಲ್ಲಿದ್ದ ಪ್ರೊಫೆಸರ್ ಆರ್. ಕೆ. ಕಟ್ಟಿಯವರು, ಅಂಟುಳ್ಳದ್ದಾದರೂ ಉಬ್ಬದ ಮಣ್ಣಿನ ಒಂದು ದಪ್ಪ ಹಾಸನ್ನು ಎರೆಯ ಮೇಲೆ ಹೊದಿಸಿದರೆ ಎರೆಯು ಕೆಳಗೆ ಅಡಗಿ ಕೂರುತ್ತದೆಂಬುದನ್ನು ಕಂಡುಕೊಂಡರು. ನಮ್ಮ ಮಲಪ್ರಭಾ ಕಾಲುವೆಗಳಲ್ಲಿ ಆ ಉಪಾಯವು ಪ್ರಯೋಗಕ್ಕೆ ಬಂದಿತು.

ಇನ್ನು ಗಣಕಯಂತ್ರದ ಪ್ರವೇಶ. ಅದು ಮಾಡುವ ಕೆಲಸವನ್ನು ಹಗೇವಿನ ಉದಾಹರಣೆಯಿಂದ ಹೇಳುತ್ತೇನೆ. ಈಗಿನ ಹುಡುಗರು ಹಗೇವನ್ನು ಕಂಡಿರಲಾರರು. ಊರೊಳಗಿನ ಎತ್ತರದ ಗಟ್ಟಿ ನೆಲದಲ್ಲಿ, ಒಬ್ಬ ಮನುಷ್ಯನು ಭುಜ ಕುಗ್ಗಿಸಿ ಇಳಿಯಬಹುದಾದಷ್ಟು ಸಣ್ಣ ಬಾಯಿಯನ್ನಿಟ್ಟು, ಒಳಗೆ ಗುಡಾಣದ ಹೊಟ್ಟೆಯಂತೆ ಅಗಲವಾಗಿ ತೋಡಿ, ಸುತ್ತ ಸೊಪ್ಪೆ ಹುಲ್ಲುಗಳನ್ನೊತ್ತಿ, ಜೋಳವನ್ನು ತುಂಬಿ, ಚಪ್ಪಡಿಯನ್ನು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವ ದಿನ ಚಪ್ಪಡಿಯನ್ನು ಸರಿಸಿ, ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಲೆಂದು ಬಹಳ ಹೊತ್ತು ಬಿಟ್ಟು, ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯನನ್ನು ಇಳಿಸುತ್ತಿದ್ದರು. ಬಾಲ್ಯದಲ್ಲಿ ನಮ್ಮ ಅಜ್ಜನ ಪಕ್ಕದಲ್ಲಿ ಆ ಬಾಯಿಯ ಅಂಚಿಗೆ ಬಗ್ಗಿ, ಹಳದಿಗಟ್ಟಿದ ಜೋಳದ ಮುಗ್ಗುಲು ವಾಸನೆಯನ್ನು ಕುಡಿಯುತ್ತ ದೀಪವನ್ನೇ ನೋಡುತ್ತಿದ್ದ ನನಗೆ, ದೀಪದ ಸುತ್ತಲಿನ ಗೋಡೆಯು ಯಾವ ಕಂಬ ತೊಲೆಗಳಿಲ್ಲದೆ, ಮೇಲೆ ಜನ ಓಡಾಡುತ್ತಿದ್ದರೂ ಕುಸಿಯದೆ ನಿಂತಿರುವುದು ಆಶ್ಚರ್ಯವೆಂದು ತೋರಿರಲಿಲ್ಲ. ಅದು ಆಶ್ಚರ್ಯವೆಂದು ತಿಳಿಯುವುದಕ್ಕೆ ನಾನು ಇಂಜಿನಿಯರಾಗಬೇಕಾಯಿತು. ತೆಗೆದುಹಾಕಿದ ಮಣ್ಣು ಹೊರುತ್ತಿದ್ದ ಭಾರವೆಲ್ಲ ಹಗೇವಿನ ಹೊಟ್ಟೆಯನ್ನು ಬಳಸಿಕೊಂಡು, ಹೊಳೆಯ ನೀರು ಬಂಡೆಯನ್ನು ಬಳಸಿ ಹರಿಯುವಂತೆ, ಪಕ್ಕದ ಮಣ್ಣಿಗೆ ಹರಿದುಹೋಗುತ್ತದೆ. ಎಷ್ಟು ಹರಿಯಿತು, ಎಲ್ಲಿ ಮಡುಗಟ್ಟಿತು, ಬಾಯಿಯ ಕೊರಳಿನಲ್ಲೋ ಹೊಟ್ಟೆಯ ತಿರುವಿನಲ್ಲೋ? ಇದನ್ನು ಕಾಗದದ ಮೇಲೆ ಲೆಕ್ಕ ಹಾಕಲು ಹೋದರೆ, ಗುಂಡಾದ ತೂತಿಗೆ ಸಮರೂಪದ ನೆಲವಾದರೆ ಸೂತ್ರವಿದೆ. ಗುಡಾಣದ ಆಕಾರಕ್ಕೆ, ಮೇಲೆ ಗರಸು ಕೆಳಗೆ ಜೇಡಿಯಿರುವ ನೆಲಕ್ಕೆ, ಸೂತ್ರವಿಲ್ಲ.

ಸೂತ್ರವಿಲ್ಲದ ಕಡೆಯಲ್ಲಿ ಮಾಡುವ ಉಪಾಯವೆಂದರೆ ತುಂಡರಿಸುವುದು. ಹಗೇವಿನ ಸುತ್ತಲಿನ ನೆಲವನ್ನು ಬಲೆ ಹೊದಿಸಿದಂತೆ ಸಣ್ಣ ಸಣ್ಣ ತ್ರಿಕೋನಗಳನ್ನಾಗಿ ವಿಭಾಗಿಸಿ, ಒಂದೊಂದು ತ್ರಿಕೋನದೊಳಗೂ ಮಣ್ಣು ಸರಳವಾಗಿ ನಡೆದುಕೊಳ್ಳುತ್ತದೆಂದು ಭಾವಿಸಿ, ತ್ರಿಕೋನಗಳು ಕೂಡುವ ಒಂದೊಂದು ಗಂಟಿನಲ್ಲಿಯೂ ಎಳೆತ ತಳ್ಳಾಟಗಳು ಸರಿತೂಗಬೇಕೆಂಬ ಸಮೀಕರಣವನ್ನು ಬರೆಯುವುದು. ಸಾವಿರ ಗಂಟುಗಳಿದ್ದರೆ ಎರಡು ಸಾವಿರ ಸಮೀಕರಣಗಳು. ಅವೆಲ್ಲವನ್ನೂ ಏಕಕಾಲದಲ್ಲಿ ಬಿಡಿಸಬೇಕು. ಮನುಷ್ಯನಿಗೆ ಅಸಾಧ್ಯವಾದ ಈ ದುಡಿಮೆ ಗಣಕಯಂತ್ರಕ್ಕೆ ಕ್ಷಣಮಾತ್ರದ್ದು. ವಿಮಾನದ ರೆಕ್ಕೆಗಳ ಸಲುವಾಗಿ ಅಮೆರಿಕೆಯಲ್ಲಿ ಹುಟ್ಟಿದ ಈ ಪದ್ಧತಿಗೆ 1960ರಲ್ಲಿ ರೇ ಕ್ಲಫ್ ಎಂಬ ಪ್ರೊಫೆಸರು ಫೈನೈಟ್ ಎಲಿಮೆಂಟ್ ಎಂದು ನಾಮಕರಣ ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ರೆಕ್ಕೆಯಿಂದ ಇಳಿದು ಮಣ್ಣಿನ ಏರಿಗೆ ಬಂದಿತು. 1987ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ, ಆ ದೇಶದ ಮೆತ್ತನೆಯ ನೆಲದ ಮೇಲೆ ನಿಂತ ನದೀ ಏರಿಗಳ ಸಲುವಾಗಿಯೇ ಪ್ಲ್ಯಾಕ್ಸಿಸ್ ಎಂಬ ತಂತ್ರಾಂಶದ ಕೆಲಸವು ಆರಂಭವಾಯಿತು; ಕೆರೆಯ ಏರಿಯ ಚಿಂತೆಯೆಂಬುದು ನಮಗೊಬ್ಬರಿಗೇ ಮೀಸಲಲ್ಲವೆಂಬುದಕ್ಕೆ ಈ ಮಾತು.

ಆದರೆ ಪ್ರತಿಯೊಂದು ತ್ರಿಕೋನಕ್ಕೂ ಅದು ಯಾವ ಸ್ವಭಾವದ ಮಣ್ಣೆಂಬುದನ್ನು ನಾವೇ ಹೇಳಬೇಕು. ಎಷ್ಟು ಅದುಮಿದರೆ ಎಷ್ಟು ಕುಗ್ಗುವುದು, ಯಾವಾಗ ಸೋಲುವುದು, ಸೋತ ಮೇಲೆ ಹೇಗೆ ಹರಿಯುವುದು, ಇವನ್ನು ತಿಳಿಸುವ ನಿಯಮಾವಳಿಗೆ ಮಣ್ಣಿನ ಮಾದರಿಯೆಂದು ಹೆಸರು. ಕೇಂಬ್ರಿಜ್ಜಿನಲ್ಲಿ ರಾಸ್ಕೋ, ಸ್ಕೋಫೀಲ್ಡ್, ರಾತ್ ಎಂಬ ಮೂವರು ರಚಿಸಿದ ಅತಿ ಸುಂದರವಾದ ಒಂದು ಮಾದರಿಗೆ ಅಲ್ಲಿ ಹರಿಯುವ ಕ್ಯಾಮ್ ನದಿಯ ಹೆಸರನ್ನಿಟ್ಟು ಕ್ಯಾಮ್ ಜೇಡಿಯೆಂದು ಕರೆದಿದ್ದಾರೆ. ತಮಾಷೆಯೆಂದರೆ, ಆ ಜೇಡಿಯನ್ನು ಕ್ಯಾಮ್ ನದಿಯ ದಂಡೆಯಲ್ಲಿಯಾಗಲಿ ಲೋಕದ ಇನ್ನಾವ ಹೊಲದಲ್ಲಿಯಾಗಲಿ ಅಗೆದು ತೆಗೆಯುವಂತಿಲ್ಲ. ಅದು ಗಣಿತದಲ್ಲಿ ಮಾತ್ರ ಇರುವ ಮಣ್ಣು. ನಿಜವಾದ ಮಣ್ಣು ಅದಕ್ಕೆ ಎಷ್ಟು ಹತ್ತಿರವೆಂಬುದನ್ನು ಪ್ರಯೋಗಶಾಲೆಯಲ್ಲಿ ನೋಡಿಕೊಳ್ಳಬೇಕು. ಅಲ್ಲಿಯ ಪರೀಕ್ಷೆಗಳಲ್ಲಿ ಒಂದನ್ನು ನೋಡಿದರೆ ತಮಗೆ ನಗು ಬಂದೀತು: ಒದ್ದೆ ಮಣ್ಣಿನ ಉಂಡೆಯನ್ನು ಗಾಜಿನ ಫಲಕದ ಮೇಲೆ ಇಟ್ಟು ಅಂಗೈಯಿಂದ ಶ್ಯಾವಿಗೆಯಂತೆ ಹೊಸೆಯುವುದು, ಮೂರು ಮಿಲಿಮೀಟರು ದಪ್ಪಕ್ಕೆ ಬರುವ ಹೊತ್ತಿಗೆ ಎಳೆಯು ಪುಡಿಪುಡಿಯಾಗಿ ಮುರಿದರೆ ಆಗ ಅದರಲ್ಲಿದ್ದ ನೀರೆಷ್ಟೆಂದು ತೂಗಿ ಬರೆದುಕೊಳ್ಳುವುದು. ಸ್ವೀಡನ್ನಿನ ಆಟ್ಟರ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞನು 1911ರ ಸುಮಾರಿಗೆ ಹಾಕಿಕೊಟ್ಟ ಈ ಪದ್ಧತಿಗೆ ಇಂದಿಗೂ ಮನುಷ್ಯನ ಅಂಗೈಯೇ ಯಂತ್ರ. ಕುಂಬಾರನು ಮಣ್ಣಿನ ಹದವನ್ನು ನೋಡುವುದೂ ಹೀಗೆಯೇ ಅಲ್ಲವೆ?

ಕಲ್ಲಿನ ಮಾತು ಬೇರೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬೆಟ್ಟಗಳಲ್ಲಿ ಕಾಣುವ ಗ್ರಾನೈಟು, ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟೆಂದು ಕರೆಯಿಸಿಕೊಳ್ಳುವ, ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರು ಚಾಚಿ ಹಂಪೆಯನ್ನೂ ಹಾಯ್ದುಹೋಗುವ ಮಹಾಶಿಲಾಪಂಕ್ತಿಗೆ ಸೇರಿದ್ದು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಆ ಕಲ್ಲನ್ನು ಅದುಮಿ ಮುರಿಯುವುದು ಬಹು ಕಷ್ಟ. ಎಳೆದು ಮುರಿಯುವುದು ಅದರ ಹತ್ತನೆಯ ಒಂದು ಪಾಲಿನಷ್ಟೂ ಕಷ್ಟವಲ್ಲ. ನಮ್ಮ ಕಲ್ಲುಕುಟಿಗರಿಗೆ ಇದು ಶತಮಾನಗಳಿಂದ ಗೊತ್ತು: ಸಾಲಾಗಿ ಗೂಡುಗಳನ್ನು ಕೊರೆದು, ಬೆಣೆಗಳನ್ನಿಟ್ಟು, ಒಂದೊಂದಕ್ಕೆ ಒಂದೊಂದು ಏಟು ಕೊಡುತ್ತ ಹೋದರೆ ಆನೆಯಂಥ ಬಂಡೆಯು ಎರಡಾಗಿ ಸೀಳುತ್ತದೆ, ಹಂಪೆಯ ಬಂಡೆಗಳ ಮೇಲೆ ಆ ಗೂಡುಗಳ ಸಾಲು ಈಗಲೂ ಇದೆ. ಇಷ್ಟಾದರೂ ಬೆಟ್ಟದ ಬಲವು ಕಲ್ಲಿನ ಬಲವಲ್ಲ, ಕಲ್ಲುಕಲ್ಲಿನ ನಡುವಿನ ಸೀಳಿನ ಬಲ. ಗುಡೇಕೋಟೆಯ ಕರಡಿಗಳು ವಾಸಮಾಡುವುದು ಆ ಸೀಳುಗಳಲ್ಲಿಯೇ. ತ್ರಿಕೋನಗಳ ಬಲೆಯು ನೆಲವನ್ನು ಒಂದು ಅಖಂಡ ವಸ್ತುವೆಂದು ಭಾವಿಸುವುದರಿಂದ ಇಂಥ ಬೆಟ್ಟಕ್ಕೆ ಹೊಂದುವುದಿಲ್ಲ. ಪೀಟರ್ ಕುಂಡಾಲ್ ಎಂಬಾತನು 1971ರಲ್ಲಿ ಬೇರೆ ದಾರಿಯನ್ನು ಹಿಡಿದು, ಒಂದೊಂದು ಗುಂಡನ್ನೂ ಬಿಡಿಯಾಗಿಯೇ ಎಣಿಸಿ, ಒಂದಕ್ಕೊಂದು ಎಲ್ಲಿ ತಾಕುತ್ತದೆ, ತಾಕಿದಲ್ಲಿ ಎಷ್ಟು ತಳ್ಳುತ್ತದೆ, ಎಷ್ಟು ಜಾರುತ್ತದೆಯೆಂಬುದನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕುವ ಪದ್ಧತಿಯನ್ನು ಮುಂದಿಟ್ಟನು.

ಸೀಳನ್ನು ಅಲಕ್ಷ್ಯ ಮಾಡಿದರೆ ಆಗುವುದೇನೆಂಬುದನ್ನು ಲೋಕಕ್ಕೆ ತಿಳಿಸಿದ್ದು ಫ್ರಾನ್ಸಿನ ಮಾಲ್ಪಾಸೆ ಅಣೆಕಟ್ಟು. 1959ರ ಡಿಸೆಂಬರ್ 2ರ ರಾತ್ರಿ ಅದು ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಕಾಂಕ್ರೀಟಿನಲ್ಲಿ ದೋಷವಿರಲಿಲ್ಲ, ದಡದ ನೈಸ್ ಶಿಲೆಯೊಳಗಿನ ಸೀಳುಗಳಲ್ಲಿ ನೀರು ಸೇರಿ, ಒಂದು ದೊಡ್ಡ ಬೆಣೆಯಂಥ ಶಿಲಾಭಾಗವೇ ಜಾರಿಹೋಯಿತು. ನಮ್ಮ ನಾಡಿನಲ್ಲಿ ಕಲ್ಲಿನ ಕೋಪವನ್ನು ಹತ್ತಿರದಿಂದ ಕಂಡವರು ಕೋಲಾರದ ಗಣಿಯವರು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿದ್ದಿತು. ಅಷ್ಟು ಆಳದ ಕಲ್ಲು ಮೇಲಿನ ಭಾರದಿಂದ ಬಿಗಿದ ಬಿಲ್ಲಿನಂತಿದ್ದು, ಪಕ್ಕವನ್ನು ತೋಡಿದೊಡನೆ ಸಿಡಿದು ಹಾರುತ್ತಿದ್ದಿತು. ಆ ಸಿಡಿತಕ್ಕೆ ಸಿಕ್ಕು ಮಡಿದ ಕೂಲಿಕಾರರು ಅನೇಕರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯು ಅದೇ ಊರಿನಲ್ಲಿ ಸ್ಥಾಪಿತವಾದುದು ಆಕಸ್ಮಿಕವಲ್ಲ. 2001ರಲ್ಲಿ ಗಣಿಯು ಮುಚ್ಚಿತು. ಅಲ್ಲಿ ಕಲಿತ ವಿದ್ಯೆಯು ದೇಶದ ಸುರಂಗಗಳಿಗೂ ಭೂಗತ ವಿದ್ಯುದಾಗಾರಗಳಿಗೂ ದಕ್ಕಿತು.

ನಮ್ಮ ಮಗ್ಗುಲಲ್ಲಿಯೇ ತುಂಗಭದ್ರಾ ಅಣೆಕಟ್ಟೆಯಿದೆ; ಹಗರಿಬೊಮ್ಮನಹಳ್ಳಿ ಹಡಗಲಿಗಳ ಅಂಚಿನವರೆಗೆ ಅದರ ಹಿನ್ನೀರು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಂತ ಆ ಕಲ್ಲು ಕಟ್ಟಡಕ್ಕೆ ಗಣಕಯಂತ್ರದ ನೆರವಿರಲಿಲ್ಲ. ಸುರ್ಕಿ ಗಾರೆಯನ್ನು ಅರೆದವರು, ಕೈಲೆಕ್ಕವನ್ನು ಬರೆದವರು, ಎಲ್ಲರೂ ಮನುಷ್ಯರೇ. ಸುಮಾರು 49 ಮೀಟರು ಎತ್ತರಕ್ಕೆ ನೀರು ನಿಂತಿತೆಂದು ಎಣಿಸಿದರೆ, ಕಟ್ಟೆಯ ಒಂದೊಂದು ಮೀಟರು ಉದ್ದವನ್ನೂ ನೀರು 1200 ಟನ್ನುಗಳ ಬಲದಿಂದ ತಳ್ಳುತ್ತದೆ. ಆ ತಳ್ಳಾಟಕ್ಕೆ ಕಟ್ಟೆಯು ತನ್ನ ತೂಕವೊಂದರಿಂದಲೇ ಎದುರು ನಿಲ್ಲಬೇಕು, ಆದರೆ ಕಲ್ಲಿಗೆ ಎಳೆತವು ಆಗದೆಂದೆನಲ್ಲವೆ, ಎಲ್ಲಿಯೂ ಎಳೆತ ತಗಲದಂತೆ ನಿಲ್ಲಬೇಕು. ಅದಕ್ಕಾಗಿ ಬಲಗಳ ಮೊತ್ತವು ತಳದ ನಡುವಣ ಮೂರನೆಯ ಒಂದು ಪಾಲಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ಇಂಜಿನಿಯರುಗಳ ಕಟ್ಟಳೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ತೂಬಿನ ಬಾಗಿಲು ಕೊಚ್ಚಿಹೋದುದನ್ನು ಕೆಲವರು ನೆನೆಯುತ್ತಿರಬಹುದು. ಅದು ಕಬ್ಬಿಣದ ಸರಪಳಿಯ ಕಥೆ, ಕಲ್ಲಿನದಲ್ಲ. ಕೈಲೆಕ್ಕಕ್ಕೆ ನಿಲುಕದ ಸಂಗತಿಯೆಂದರೆ ಭೂಕಂಪ. 1967ರ ಡಿಸೆಂಬರಿನಲ್ಲಿ ಕೊಯ್ನಾ ಅಣೆಕಟ್ಟು ನಡುಗಿ, ಮೇಲುಭಾಗದಲ್ಲಿ, ಹಿಂಬದಿಯ ಇಳಿಜಾರು ಬದಲಾಗುವ ಎತ್ತರದಲ್ಲಿ, ಬಿರುಕು ಬಿಟ್ಟಿತು. ಚೋಪ್ರಾ ಮತ್ತು ಚಕ್ರವರ್ತಿ ಎಂಬಿಬ್ಬರು ಬರ್ಕ್ಲಿಯಲ್ಲಿ ಆ ಕಟ್ಟೆಯನ್ನು ಗಣಕಯಂತ್ರದೊಳಗೆ ಕಟ್ಟಿ ನಡುಗಿಸಿ ನೋಡಿದಾಗ, ಎಳೆತವು ಮಿತಿಮೀರಿದ ಜಾಗವು ಅದೇ ಎತ್ತರದಲ್ಲಿ ಬಂದಿತು. ಓದಿದಾಗ ನನಗೆ ಮೈ ಜುಮ್ಮೆಂದಿತು.

ಆ ಜುಮ್ಮೆನ್ನುವಿಕೆಯೇ ನನ್ನನ್ನು ಒಂದು ತಪ್ಪಿಗೆ ಎಳೆಯಿತು. ಹಡಗಲಿ ಸೀಮೆಯ ಮೈಲಾರದಲ್ಲಿ ಗೊರವಪ್ಪನು ಬಿಲ್ಲನ್ನೇರಿ ಒಂದೇ ಮಾತನ್ನು ನುಡಿದು ಬೀಳುತ್ತಾನೆ. ಡೆಂಕನಮರಡಿಯಲ್ಲಿ ನೆರೆದ ಲಕ್ಷ ಜನವು ಆ ಮಾತಿಗೆ ಮಳೆ ಬೆಳೆ ರಾಜ್ಯಭಾರಗಳ ಅರ್ಥವನ್ನು ಹಚ್ಚುತ್ತ ಊರಿಗೆ ಮರಳುತ್ತದೆ. ಗಣಕಯಂತ್ರದ ನುಡಿಯನ್ನು ಆ ಕಾಲದಲ್ಲಿ ನಾನು ಅಂಥ ಕಾರ್ಣಿಕವೆಂದೇ ತಿಳಿದಿದ್ದೆನು. ಈಗ್ಗೆ ಮೂವತ್ತು ವರ್ಷಗಳ ಕೆಳಗೆ, ಹಡಗಲಿಯ ಕಡೆಯ ಒಂದು ಸಣ್ಣ ಕೆರೆಯ ಏರಿಯನ್ನು ಎತ್ತರಿಸುವ ಕೆಲಸ ಬಂದಿದ್ದಿತು. ಏರಿಯು ಎರೆಮಣ್ಣಿನದು. ಮಣ್ಣನ್ನು ತೆಗೆಯಿಸಿ, ಪರೀಕ್ಷಿಸಿ, ಅಂಕಿಗಳನ್ನು ಯಂತ್ರಕ್ಕೆ ಉಣಿಸಿ, ರಾತ್ರಿಯೆಲ್ಲ ಕುಳಿತು ತ್ರಿಕೋನಗಳ ಬಲೆಯನ್ನು ಹೆಣೆದು, ಕರಕರನೆ ಮುದ್ರಿಸಿಕೊಂಡ ಉದ್ದನೆಯ ಕಾಗದವನ್ನು ಹೆಗಲ ಮೇಲೆ ಹಾಕಿಕೊಂಡು ಏರಿಯ ಮೇಲೆ ಹೋಗಿ ನಿಂತೆನು. ಭದ್ರತೆಯ ಗುಣಾಂಕವು ಒಂದೂವರೆಯನ್ನು ಚೆನ್ನಾಗಿ ಮೀರಿದ್ದಿತು. ಶಾಸ್ತ್ರವು ಕೇಳುವುದು ಅಷ್ಟೇ. ಆ ಕೆರೆಯ ನೀರಗಂಟಿಯು ಕಾಗದವನ್ನು ಮುಟ್ಟಲಿಲ್ಲ. ನಾನು ತಂದಿದ್ದ ಮಣ್ಣಿನ ಹೆಂಟೆಯೊಂದನ್ನು ಬೆರಳಿನಿಂದ ಬಡಿದು ನೋಡಿ, "ಸಾಹೇಬ್ರ, ಈ ಮಣ್ಣು ಯಾವ ಮಳೀದ್ರಿ?" ಎಂದನು.

ಮಣ್ಣನ್ನು ತೆಗೆದದ್ದು ರೋಹಿಣಿ ಮಳೆಗೂ ಮುಂಚೆ, ಉರಿಬಿಸಿಲಿನಲ್ಲಿ. ಆಗ ಎರೆಯೆಂಬುದು ಮಣ್ಣಲ್ಲ, ಕಲ್ಲು. ಕಣಗಳ ನಡುವೆ ಉಳಿದ ಅಷ್ಟಿಷ್ಟು ನೀರು ಅವನ್ನು ಒಳಕ್ಕೆಳೆದು ಬಿಗಿದಿಟ್ಟಿರುತ್ತದೆ. ಆ ಬಲವನ್ನು ನಾನು ವರ್ಷವಿಡೀ ಇರುವ ಬಲವೆಂದು ಯಂತ್ರಕ್ಕೆ ಹೇಳಿದ್ದೆನು, ಅದು ನಂಬಿದ್ದಿತು. ಕೆರೆ ತುಂಬುವುದೋ ಉತ್ತರಿ ಹಸ್ತ ಮಳೆಗಳಿಗೆ. ಆಗ ಬಿರುಕುಗಳಲ್ಲೆಲ್ಲ ನೀರಿಳಿದು, ಬಿಗಿತವು ಸಡಲಿ, ಟೆರ್ಜಾಗಿಯು ಹೇಳಿದ ಬಂಡವಾಳವು ಕರಗಿರುತ್ತದೆ. ವಿಜಯನಗರದ ರಾಜಕುಮಾರ ಭಾಸ್ಕರನು ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ 1369ರಲ್ಲಿ ಹಾಕಿಸಿದ ಶಾಸನವೊಂದರಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಎಣಿಸಿದೆ. ಏರಿಯಿಂದ ನೀರು ಒಸರುವುದೂ ನೆಲವು ಸವಳಾಗಿರುವುದೂ ಆ ದೋಷಗಳಲ್ಲಿ ಸೇರಿವೆ. ಇದನ್ನೆಲ್ಲ ಓದಿಕೊಂಡಿದ್ದ ನನಗೆ ಮಳೆಯ ಹೆಸರು ಹೊಳೆದಿರಲಿಲ್ಲ.

ಉತ್ತರಿ ಮಳೆ ಹಿಡಿದು ಬಿಟ್ಟ ಮೇಲೆ ಮತ್ತೆ ಹೋದೆನು. ಉಕ್ಕಿನ ಕೊಳವೆಗಳನ್ನು ಏರಿಯ ಮೈಗೆ ಒತ್ತಿ ಮಣ್ಣನ್ನು ತುಂಬಿಕೊಂಡು, ಎರಡು ತುದಿಗಳಿಗೂ ಮೇಣವನ್ನು ಎರೆದು ಮುಚ್ಚಿ, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ತಂದೆನು. ಅದೇ ಬಲೆ, ಅವೇ ಸಮೀಕರಣಗಳು, ಅದೇ ಯಂತ್ರ. ಗುಣಾಂಕವು ಒಂದರ ತೀರ ಹತ್ತಿರಕ್ಕೆ ಬಂದು ನಿಂತಿತು. ಏರಿಯನ್ನು ಎತ್ತರಿಸುವ ಮುನ್ನ ಹೊರಮೈಯ ಬುಡಕ್ಕೆ ಗರಸಿನ ಅಗಲವಾದ ದಿಂಡನ್ನು ಕೊಡದೆ ಗತ್ಯಂತರವಿರಲಿಲ್ಲ.

ಮಾರನೆಯ ವಾರ ನೀರಗಂಟಿಯು ದೂರದಿಂದಲೇ ಕೇಳಿದನು: "ಏನಂತ್ರಿ ನಿಮ್ಮ ಮಿಷನ್ನು?"

"ಬುಡಕ್ಕೆ ಗರಸು ಹಾಕಿಸಬೇಕಂತೆ," ಎಂದೆನು.

ಆತನು ಮರಡಿಯ ಕಡೆಗೊಮ್ಮೆ, ನಡುವೆ ಹರಡಿದ್ದ ಒದ್ದೆ ಎರೆಹೊಲಗಳ ಕಡೆಗೊಮ್ಮೆ ನೋಡಿ, "ಗರಸೇನೋ ಅಲ್ಲೇ ಐತ್ರಿ. ದಾರಿ ಎರಿಯಾಗ ಐತಿ. ದೀಪಾವಳಿ ಆಗೋಮಟ ಗಾಡಿ ಹೋಗಂಗಿಲ್ಲ," ಎಂದು ಹೇಳಿ, ತೂಬಿನ ಕಡೆಗೆ ಇಳಿದುಹೋದನು.